ಬ್ಯಾಟರಿ ಇಲ್ಲದ ಮೋಡೆಮ್

ಹುಮನಾಬಾದಿನ ಕೇಬಲ್ ಆಫೀಸಿನಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮೋಡೆಮ್ ರಿಪೇರಿಗೆ ಹೆಂಗಸು ಬಂದಿದ್ದಾಳೆಂದು ಜನ ನನ್ನನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಕೂರಿಸಿಕೊಂಡು ಕೆಲಸ ಕಲಿಸಿದವರು ಉಸ್ತಾದರು. ಬಸವಕಲ್ಯಾಣದ ಕೋಟೆ ಬದಿಯ ಓಣಿಯವರು. ರೇಡಿಯೊ, ಟೇಪ್ ರೆಕಾರ್ಡರ್, ಟಿವಿ ಎಲ್ಲ ಬಿಚ್ಚಿ ಜೋಡಿಸಿ ಕೊನೆಗೆ ಮೋಡೆಮಿಗೆ ಬಂದವರು. ಹೊಸ ಮಾಲು ಬಂದರೆ ಮೊದಲು ಮುಚ್ಚಳ ತೆಗೆದು ಭೂತಗನ್ನಡಿ ಹಿಡಿಯುತ್ತಿದ್ದರು.

"ಮ್ಯಾಲಿನ ಹೆಸರು ನೋಡಬ್ಯಾಡ ಬೇಟಿ. ಒಳಗ ಯಾರ ಚಿಪ್ ಅದ, ಅದನ್ನ ನೋಡು" ಅನ್ನುತ್ತಿದ್ದರು.

ಆಗ ನಾವು ಹಾಕುತ್ತಿದ್ದ ಮೋಡೆಮ್‌ಗಳಲ್ಲೆಲ್ಲ ಒಂದೇ ಕಂಪನಿಯ ಚಿಪ್. ಒಂದೇ ಕೇಬಲ್‌ನಲ್ಲಿ ಇಂಟರ್ನೆಟ್ಟೂ ಫೋನೂ ಬರುತ್ತಿದ್ದವು. ಹಿಂಬದಿಯಲ್ಲಿ ಸಣ್ಣ ಬ್ಯಾಟರಿ ಇರುತ್ತಿತ್ತು. ಕರೆಂಟ್ ಹೋದರೆ ಚಿಪ್ ಇಂಟರ್ನೆಟ್ ನಿಲ್ಲಿಸಿ, ಉಳಿದ ಶಕ್ತಿಯನ್ನು ಫೋನಿಗೆ ಕೊಡುತ್ತಿತ್ತು. ದವಾಖಾನೆಗಳು ಕೂಡ ಈ ಫೋನನ್ನೇ ನಂಬಿದ್ದವು.

ಒಂದು ದಿನ ಮಾಲು ತರುವ ಏಜೆಂಟ್ ಬಂದು ಮಾಲೀಕರ ಮುಂದೆ ಕುಳಿತ. "ಹಳೀ ಚಿಪ್ ಕಂಪನಿ ಈ ಧಂಧಾ ಬಿಡಾಕತ್ತಾದ್ರಿ. ಹೊಸಾ ಕಂಪನಿ ಎರಡು ಬಂದಾವ, ಒಂದಕ್ಕೊಂದು ಜಿದ್ದಿಗೆ ಬಿದ್ದು ರೇಟ್ ಇಳಸಾಕತ್ತಾವ. ಹಳೀ ಚಿಪ್ಪಿಗೆ ಇನ್ನ ಸಾಫ್ಟ್‌ವೇರ್ ಬರಂಗಿಲ್ಲ. ಎಲ್ಲಾ ಬದ್ಲಿ ಮಾಡೇಬಿಡ್ರಿ."

ಉಸ್ತಾದರು ಹೊಸ ಮೋಡೆಮ್ ಬಿಚ್ಚಿ ಬಹಳ ಹೊತ್ತು ನೋಡಿದರು. "ಬ್ಯಾಟರಿ ಹಾಕೋ ಜಾಗಾನೇ ಇಲ್ರಿ. ಜಿದ್ದಿನಾಗ ಅದನ್ನೇ ಕಿತ್ತು ಒಗದಾರ."

"ಎಲ್ಲಾರ ಕೈಯಾಗ ಮೊಬೈಲ್ ಅದ ಉಸ್ತಾದ್. ಹಾಕ್ರಿ" ಎಂದರು ಮಾಲೀಕರು.

ಹುಮನಾಬಾದಿನ ಮೋಡೆಮ್‌ಗಳನ್ನೆಲ್ಲ ಬದಲಿಸಿ ಬಸವಕಲ್ಯಾಣಕ್ಕೆ ಹೋದೆ. ಉಸ್ತಾದರ ಮನೆಯದನ್ನು ಮಾತ್ರ ಬಿಡೋಣವೆಂದುಕೊಂಡಿದ್ದೆ. ಅವರು ಒಪ್ಪಲಿಲ್ಲ. "ಮಂದಿ ಮನಿಗೆ ಒಂದು, ನನ್ನ ಮನಿಗೆ ಇನ್ನೊಂದಾ? ನಂದೂ ಬದ್ಲಿ ಮಾಡು."

ಅವರ ಹೆಂಡತಿ, ನನಗೆ ಚಾಚಿ, ಚಹಾ ತಂದಿಟ್ಟರು. "ಹಳೇದು ಚಲೋ ಇತ್ತಲ್ಲ ಬೇಟಿ, ಯಾಕ ತೆಗ್ಯಾಕತ್ತೀ?"

"ಹೊಸದು ಭಾಳ ಸ್ಪೀಡ್ ಅದ ಚಾಚಿ" ಅಂದೆ. ಸುಳ್ಳಲ್ಲ, ಆದರೆ ಪೂರ್ತಿ ಹೇಳಲಿಲ್ಲ.

ಮುಂಗಾರಿಗೆ ಮೊದಲು, ಒಂದು ಮಧ್ಯಾಹ್ನ, ಹುಲಸೂರ ದಿಕ್ಕಿನಿಂದ ಕೆಂಧೂಳು ಎದ್ದಿತು. ಜ್ವರವೆಂದು ಉಸ್ತಾದರು ರಜೆ ಹಾಕಿದ್ದರು. ಆಫೀಸಿನ ಪರದೆಯಲ್ಲಿ ಪ್ರತಿ ಮೋಡೆಮಿಗೂ ಒಂದು ಹಸಿರು ಚುಕ್ಕೆ. ಹಿಂದೆಲ್ಲ ಕರೆಂಟ್ ಹೋದರೆ ಚುಕ್ಕೆ ಹಳದಿಯಾಗುತ್ತಿತ್ತು, ಬ್ಯಾಟರಿಯ ಮೇಲೆ ಬದುಕಿದೆ ಎಂದರ್ಥ. ಅಂದು ಹಳದಿಯೇ ಕಾಣಲಿಲ್ಲ. ಬಸವಕಲ್ಯಾಣದ ಚುಕ್ಕೆಗಳು ಓಣಿ ಓಣಿಯಾಗಿ ಬೂದಿ ಬಣ್ಣಕ್ಕೆ ತಿರುಗಿದವು. ಉಸ್ತಾದರ ಮೊಬೈಲಿಗೆ ಫೋನ್ ಹಚ್ಚಿದೆ. ಗಾಳಿಗೆ ಟವರೂ ಕೆಟ್ಟಿತ್ತು. ಮತ್ತೆ ಮತ್ತೆ ಹಚ್ಚಿದೆ.

ಆದದ್ದು ಸಂಜೆ ಗೊತ್ತಾಯಿತು. ಊಟದ ತಟ್ಟೆಯ ಮುಂದೆಯೇ ಅವರಿಗೆ ಲಕ್ವ ಹೊಡೆದಿತ್ತು. ಚಾಚಿ ಫೋನ್ ಎತ್ತಿದರೆ ಸದ್ದೇ ಇಲ್ಲ. ಮಳೆಯಲ್ಲಿ ಬರಿಗಾಲಲ್ಲಿ ದವಾಖಾನೆಗೆ ಓಡಿದರು. ಡಾಕ್ಟರು ಮನೆಗೆ ಹೋಗಿದ್ದರು. ಅವರನ್ನು ಕರೆಯಲು ಅಲ್ಲಿಯ ಫೋನೂ ಸತ್ತಿತ್ತು. ಅಲ್ಲಿಯೂ ನಾನೇ ಬದಲಿಸಿದ್ದೆ. ಯಾರೋ ಬೈಕಿನಲ್ಲಿ ಹೋಗಿ ಕರೆತರುವ ಹೊತ್ತಿಗೆ ಒಂದು ತಾಸಿಗೂ ಮೇಲಾಗಿತ್ತು.

ಜೀವ ಉಳಿಯಿತು. ಬಲಗೈ ಮೇಲೇಳಲಿಲ್ಲ, ಮಾತು ತೊದಲಾಯಿತು.

ಮಂಚದ ಪಕ್ಕ ಕುಳಿತು, "ನಾನೇ ಹಾಕಿದ್ದು ಉಸ್ತಾದ್" ಅಂದೆ. ಅವರು ಬಹಳ ಕಷ್ಟಪಟ್ಟು ಒಂದೊಂದೇ ಮಾತು ಹೊರಡಿಸಿದರು. "ಹಾಕು... ಅಂದಾಂವ... ನಾನು." ಚಾಚಿ ಗೋಡೆ ನೋಡುತ್ತ ಕುಳಿತಿದ್ದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಈ ವರ್ಷ ಏಜೆಂಟ್ ಮತ್ತೆ ಬಂದಿದ್ದ. ಆ ಎರಡರಲ್ಲಿ ಒಂದು ಕಂಪನಿ ಇನ್ನೊಂದನ್ನು ಕೊಂಡುಬಿಟ್ಟಿದೆಯಂತೆ, ಚಿಪ್ ಇನ್ನೂ ಸಣ್ಣದಾಗಿದೆಯಂತೆ. ಮುಚ್ಚಳ ತೆಗೆದು ನೋಡಿದೆ. ಬ್ಯಾಟರಿಗೆ ಜಾಗವಿರಲಿಲ್ಲ.

ಈಗ ಪ್ರತಿ ಮನೆಯಲ್ಲೂ ಮೊದಲೇ ಹೇಳುತ್ತೇನೆ. ಕರೆಂಟ್ ಹೋದರೆ ಇದು ಮಾತಾಡುವುದಿಲ್ಲ ಎಂದು. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೊನ್ನೆ ರಾಜೇಶ್ವರದಲ್ಲಿ, ಗಂಡನಿಗೆ ದಮ್ಮಿನ ಕಾಯಿಲೆ ಇರುವ ಒಬ್ಬ ಹೆಂಗಸು ಮಾತ್ರ ಕೈಕೆಲಸ ಬಿಟ್ಟು ಕೇಳಿಸಿಕೊಂಡಳು.

"ಹಂಗಾದ್ರ ಮತ್ಯಾಕ ಹಾಕಾಕತ್ತೀರಿ?" ಎಂದಳು.

ನಾನು ಸ್ಕ್ರೂ ಬಿಗಿ ಮಾಡುತ್ತಿದ್ದೆ.