ಬೀಗರಿಗೆ ಹಾಯಿ ಕಲಿಸಿದ ಬ್ರೆಡ್ಡಕ್ಕ

ಕೆರೆ ದಂಡೆಯ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದ ಆಕೆಯನ್ನು ಊರೆಲ್ಲ ಬ್ರೆಡ್ಡಕ್ಕ ಎಂದೇ ಕರೆಯುತ್ತಿತ್ತು. ಐವತ್ತು ದಾಟಿದ ಹೆಂಗಸು. ಒನಕೆಯಂಥ ತೋಳು, ಅದಕ್ಕೆ ತಕ್ಕ ಗಂಟಲು. ಬೆಳಕು ಹರಿಯುವ ಮೊದಲೇ ಒಲೆ ಕಾಯಿಸಿ, ಮಧ್ಯಾಹ್ನದ ಹೊತ್ತಿಗೆ ಟ್ರೇಗಳನ್ನೆಲ್ಲ ಉಜ್ಜಿ ಕವುಚಿಟ್ಟರೆ ಆಕೆಯ ಪಾಲಿನ ಕೆಲಸ ಮುಗಿಯಿತು. ಮುಂದಿನ ವ್ಯಾಪಾರ ಗಂಡನದು. ಆಕೆ ಹಿಂಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಕೆರೆ ನೋಡುತ್ತಿದ್ದಳು. ಗಾಳಿ ಏಳುತ್ತಿದ್ದುದೂ ಅದೇ ಹೊತ್ತಿಗೆ. ಹಲಗೆಯ ಮೇಲೆ ಹಾಯಿ ಎತ್ತಿ ನಿಲ್ಲಿಸಿಕೊಂಡು ಹುಡುಗ ಹುಡುಗಿಯರು ನೀರಿನ ಮೇಲೆ ಜಾರಿಹೋಗುವಾಗ ರೆಪ್ಪೆ ಬಡಿಯುವುದೂ ಆಕೆಗೆ ಮರೆತುಹೋಗುತ್ತಿತ್ತು.

ಅವರಿಗೆ ವಿಂಡ್‌ಸರ್ಫಿಂಗ್ ಕಲಿಸುವ ಹುಡುಗಿ ದಿನಾ ಬನ್ನಿಗೆಂದು ಬರುತ್ತಿದ್ದಳು. ಒಂದು ದಿನ ಬನ್ನು ಕಚ್ಚುತ್ತಲೇ ಕೇಳಿದಳು: "ಅಕ್ಕಾ, ದಿನಾ ನೋಡ್ತಾ ಕೂತಿರ್ತೀರಲ್ಲ, ಒಂದ್ಸಲ ಹತ್ತಿ ನೋಡಬಾರದಾ?"

"ನಾನು ಹತ್ತಿದ್ರೆ ಹಲಗೆ ಅಲ್ಲ ತಾಯಿ, ಕೆರೆನೇ ಮುಳುಗುತ್ತೆ."

"ಈಜು ಬರುತ್ತಾ?"

"ಇದೇ ಕೆರೆಯಲ್ಲಿ ಕಲಿತಿದ್ದು."

"ಹಾಗಾದ್ರೆ ಮುಳುಗೋ ಮಾತೆಲ್ಲಿ ಬಂತು? ನಾಳೆ ಬನ್ನಿ."

ಮರುದಿನ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿದುಕೊಂಡು ಬ್ರೆಡ್ಡಕ್ಕ ಹಲಗೆ ಹತ್ತಿದಳು. ಹಾಯಿ ನೀರಿನಲ್ಲಿ ಒದ್ದೆ ಕಂಬಳಿಯಂತೆ ಮಲಗಿತ್ತು. ಹಾಯಿಯ ಕಂಬಕ್ಕೆ ಕಟ್ಟಿದ ಹಗ್ಗ ಹಿಡಿದು ಅದನ್ನು ಮೇಲೆಬ್ಬಿಸಬೇಕು. ಹಿಟ್ಟಿನ ಮೂಟೆ ಎತ್ತುವ ತೋಳಿಗೆ ಇದ್ಯಾವ ಲೆಕ್ಕ ಎಂದುಕೊಂಡು ಆಕೆ ಒಂದೇ ಉಸಿರಿಗೆ ಜಗ್ಗಿದಳು. ಹಾಯಿ ಎದ್ದು ಬಂದ ರಭಸಕ್ಕೆ ಆಕೆ ಹಿಂದಕ್ಕೆ ಧೊಪ್ಪೆಂದು ಬಿದ್ದಳು, ಮೇಲೆ ಹಾಯಿ ಬಿತ್ತು. ಅಡಿಯಿಂದ ನುಸುಳಿ, ನೀರು ಉಗುಳಿ, ಮತ್ತೆ ಹತ್ತಿದಳು. ಮತ್ತೆ ಬಿದ್ದಳು.

ದಂಡೆಯ ಬೆಂಚಿನಿಂದ ಚಪ್ಪಾಳೆ ಕೇಳಿಸಿತು. ಯಾರೆಂದು ನೋಡಿದರೆ ಬೀಗರು! ಮಗಳ ಮಾವ. ಜನ್ಮವಿಡೀ ಶಾಲೆಯಲ್ಲಿ ಡ್ರಿಲ್ ಮಾಡಿಸಿ ನಿವೃತ್ತರಾದ ಮೇಷ್ಟ್ರು. ಸಂಜೆ ವಾಯುವಿಹಾರಕ್ಕೆ ಬಂದವರು ಅಲ್ಲೇ ಠಿಕಾಣಿ ಹೂಡಿದ್ದರು.

"ಬೀಗಿತ್ತಿಯವರೇ," ಎಂದು ಕೂಗಿದರು, "ಮುಳುಗು ಹಾಕೋಕೆ ಹಲಗೆ ಯಾಕೆ ದಂಡಕ್ಕೆ?"

ಹೆಣ್ಣು ಕೊಟ್ಟ ಮನೆಯವರು ಬಾಯಿಗೆ ಬಾಯಿ ಕೊಟ್ಟರೆ ಚೆನ್ನಾಗಿರುವುದಿಲ್ಲವೆಂದು ಬ್ರೆಡ್ಡಕ್ಕ ನಕ್ಕು ಮತ್ತೆ ಹಲಗೆ ಹತ್ತಿದಳು. ಮನೆಗೆ ಬಂದಮೇಲೆ ಮಾತ್ರ ಗಂಡನ ಮುಂದೆ ಕೆಂಡವಾದಳು. ಆತ ಒಣ ಟವೆಲ್ಲು ಕೈಗಿತ್ತು, "ನಾಳೆಗೆ ಇನ್ನೊಂದು ಟವೆಲ್ ಒಣಗಿಸಿಡ್ತೀನಿ ಬಿಡು" ಎಂದ. ನಿಲ್ಲಿಸು ಎಂದು ಆತ ಹೇಳಲಿಲ್ಲವಲ್ಲ, ಆಕೆಗೆ ಅಷ್ಟು ಸಾಕಾಯಿತು.

ಆ ಬೇಸಗೆ ಪೂರ್ತಿ ಬ್ರೆಡ್ಡಕ್ಕ ಬಿದ್ದಷ್ಟು ಬೇರೆ ಯಾರೂ ಬೀಳಲಿಲ್ಲ. ಕೊನೆಗೆ ಹುಡುಗಿ ನೀರಿಗಿಳಿದು ಹಲಗೆಯ ಪಕ್ಕದಲ್ಲೇ ನಿಂತಳು. "ಅಕ್ಕಾ, ನಿಮ್ಮ ತೋಳೇ ನಿಮಗೆ ಶತ್ರು. ಕೈ ನೆಟ್ಟಗೆ ಚಾಚಿ ಸುಮ್ಮನೆ ಹಿಡ್ಕೊಳ್ಳಿ. ಮೊಣಕಾಲು ಬಗ್ಗಿಸಿ, ಮೈಭಾರ ಹಿಂದಕ್ಕೆ ಕೊಡಿ. ಹಾಯಿ ಮೇಲಿರೋ ನೀರು ಇಳಿದುಹೋಗೋವರೆಗೆ ಕಾಯಿರಿ."

"ಅಂದ್ರೆ, ಹಿಟ್ಟು ಉಬ್ಬೋವರೆಗೆ ಕಾಯೋ ಹಾಗೆ?"

"ನನಗೆ ಹಿಟ್ಟು ಗೊತ್ತಿಲ್ಲ. ಆದ್ರೆ ಇರಬಹುದು!"

ಬ್ರೆಡ್ಡಕ್ಕ ಕಾದಳು. ನೀರು ಸರಸರನೆ ಜಾರಿತು, ಹಾಯಿ ಹಗುರಾಗಿ ಎದ್ದು ನಿಂತಿತು. ಹಾಯಿಯ ಅಡ್ಡ ಹಿಡಿಕೆ ಹಿಡಿದು ಮೆಲ್ಲಗೆ ತನ್ನತ್ತ ಎಳೆದುಕೊಂಡದ್ದೇ ತಡ, ಹಲಗೆ ಹೊರಟೇ ಬಿಟ್ಟಿತು. ಕಾಲಡಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ತಿರುಗುವುದು ಹೇಗೆಂದು ಇನ್ನೂ ಕಲಿತಿರಲಿಲ್ಲವಾದ್ದರಿಂದ ಆಕೆ ಸೀದಾ ಹೋಗಿ ಆಚೆ ದಡದ ಜೊಂಡಿನೊಳಗೆ ನುಗ್ಗಿದಳು. ಹುಡುಗಿ ದೋಣಿಯಲ್ಲಿ ಬಂದಾಗ ಬ್ರೆಡ್ಡಕ್ಕ ಸೊಂಟದುದ್ದ ಕೆಸರಿನಲ್ಲಿ ನಿಂತು ಬಿದ್ದುಬಿದ್ದು ನಗುತ್ತಿದ್ದಳು.

ಮರುವರ್ಷದ ಹೊತ್ತಿಗೆ ಆಕೆ ಹೋದ ದಾರಿಯಲ್ಲೇ ತಿರುಗಿ ಬರುತ್ತಿದ್ದಳು. ಹೊಸಬರು ಹೆಚ್ಚಾಗಿ ಹುಡುಗಿ ಒಬ್ಬಳೇ ಸಾಲದಾದಳು. "ನಾನು ಚಿಕ್ಕಂದಿನಲ್ಲೇ ಕಲಿತವಳು, ಯಾಕೆ ಬೀಳ್ತಾರೆ ಅಂತ ನನಗೆ ಹೊಳೆಯೋದೇ ಇಲ್ಲ. ನೀವು ಎಲ್ಲಾ ಥರ ಬಿದ್ದಿದೀರಿ. ತುಂಬಾ ಬೀಳೋರನ್ನ ನೀವೇ ನೋಡ್ಕೊಳ್ಳಿ" ಎಂದಳು.

ಮೊದಲ ದಿನವೇ ಲೈಫ್ ಜಾಕೆಟ್ ಹಾಕಿಕೊಂಡು ಬಂದು ನಿಂತವರು ಬೀಗರು. ಇಬ್ಬರಿಗೂ ಸೇರಿದ ಮೊಮ್ಮಗಳು, "ಅಜ್ಜಿಗೆ ಬರುತ್ತೆ, ತಾತಂಗೆ ಬರಲ್ಲ" ಎಂದು ಮನೆಯಲ್ಲಿ ರಾಗ ಎಳೆದಿದ್ದಳಂತೆ.

ಬೀಗರು ಹಲಗೆಯ ಮೇಲೆ ಸೆಟೆದು ನಿಂತರು. ಆಮೇಲೆ ಕಾಲಿನ ಬೆರಳು ಮುಟ್ಟುವ ಕಸರತ್ತಿನಂತೆ ಸೊಂಟ ಬಗ್ಗಿಸಿ ಹಗ್ಗ ಜಗ್ಗಿದರು. ಹಿಂಭಾಗ ಆಕಾಶ ನೋಡಿತು, ತಲೆ ನೀರು ಕಂಡಿತು. ಬ್ರೆಡ್ಡಕ್ಕನಿಗೆ ತಪ್ಪು ಕಂಡಷ್ಟು ಸುಲಭವಾಗಿ ಮಾತು ಬರಲಿಲ್ಲ. ಬೀಗರಿಗೆ ಹೇಳುವ ಮಾತೇ ಅದು?

"ಅದೂ... ಸ್ವಲ್ಪ ಹಿಂದಿನ ಕಡೆ... ಒಳಗೆ ತಗೊಂಡ್ರೆ..."

"ಏನಂದ್ರಿ? ಗಾಳೀಲಿ ಕೇಳಿಸ್ತಿಲ್ಲ!" ಎನ್ನುತ್ತಲೇ ಬೀಗರು ಮತ್ತೆ ಮುಗ್ಗರಿಸಿದರು. ಮತ್ತೆ ಹತ್ತಿದರು. ಅವರ ಮೊಣಕೈ ತರಚಿತ್ತು, ತುಟಿ ನಡುಗುತ್ತಿತ್ತು. ಹಟ ಮಾತ್ರ ಹಾಗೇ ಇತ್ತು. ಅದನ್ನು ನೋಡಿ ಬ್ರೆಡ್ಡಕ್ಕನ ಸಂಕೋಚ ಹಾರಿಹೋಯಿತು.

"ಬೀಗರೇ! ಕುಂಡಿ ಒಳಗೆ!"

ದಂಡೆಗೆ ದಂಡೆಯೇ ಇತ್ತ ತಿರುಗಿತು. ಬನ್ನಿನ ಟ್ರೇ ಹಿಡಿದು ಬಂದ ಗಂಡ ಅಲ್ಲೇ ಕಲ್ಲಾದ. ಬೀಗರ ಮುಖ ಕೆಂಪಾಯಿತು. ಆದರೆ ಜೀವಮಾನವಿಡೀ ಅಪ್ಪಣೆ ಕೊಟ್ಟ ದೇಹ ಅಪ್ಪಣೆಯನ್ನು ಪಾಲಿಸಲೂ ಬಲ್ಲದು. ಮೊಣಕಾಲು ಬಾಗಿತು, ಬೆನ್ನು ನೆಟ್ಟಗಾಯಿತು, ಹಾಯಿ ಎದ್ದಿತು.

"ಹಾಗೇ! ಕಾಲು ನೋಡ್ಬೇಡಿ, ದಡ ನೋಡಿ!"

ಬೀಗರು ಹೊರಟರು. ಕೆರೆಯ ನಡುವೆ ಗಾಳಿ ಜೋರಾಗಿ ಎಳೆಯಿತು. "ನಿಲ್ಲಿಸೋದು ಹೇಗ್ರೀ?" ಎಂಬ ಆರ್ತನಾದ ತೇಲಿಬಂತು.

"ಬಿಟ್ಟುಬಿಡಿ! ಹಿಡಿಕೆ ಬಿಡಿ!"

ಅವರು ಬಿಟ್ಟರು. ಹಾಯಿ ಮಲಗಿತು, ಹಲಗೆ ಸಾಧುವಾಗಿ ನಿಂತಿತು, ಬೀಗರು ಬೀಳಲಿಲ್ಲ. ತಾವೇ ಹಾಯಿ ಎತ್ತಿ, ಬ್ರೆಡ್ಡಕ್ಕ ದಂಡೆಯಿಂದ ಕೂಗಿ ಹೇಳಿದಂತೆ ಕಂಬದ ಸುತ್ತ ಪುಟ್ಟ ಹೆಜ್ಜೆ ಇಟ್ಟು ಹಲಗೆ ತಿರುಗಿಸಿ, ಗಾಳಿಯನ್ನು ಬೆನ್ನಿಗಿಟ್ಟುಕೊಂಡು ವಾಪಸು ಬಂದರು. ಮೊಣಕಾಲುದ್ದ ನೀರಿಗಿಳಿದು ಇಡೀ ದಂಡೆಗೆ ಕೇಳುವಂತೆ, "ಗುರುಗಳೇ, ಇನ್ನೊಂದು ಸುತ್ತು ಹೋಗಿಬರಲಾ?" ಎಂದರು.

"ಕೇಳೋದೇನು, ಹೊರಡಿ! ನಾನೂ ಬರ್ತೀನಿ" ಎಂದು ಬ್ರೆಡ್ಡಕ್ಕ ತನ್ನ ಹಲಗೆ ನೀರಿಗೆ ತಳ್ಳಿದಳು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಹಾಯಿ ತುಂಬಿಕೊಂಡಿತು. ಹಿಂದೆ ಬೀಗರು ಲಯ ತಪ್ಪದಂತೆ "ಒಂದು, ಎರಡು" ಎಂದು ತಮಗೆ ತಾವೇ ಎಣಿಸಿಕೊಂಡು ಬರುತ್ತಿದ್ದರು. ಆಕೆ ಹಿಂದಕ್ಕೆ ವಾಲಿ ಮೈಭಾರವನ್ನೆಲ್ಲ ಗಾಳಿಗೊಪ್ಪಿಸಿ, ಕೆರೆಯ ಅತ್ಯಂತ ಅಗಲದ ಕಡೆಗೆ ಹಲಗೆ ಬಿಟ್ಟಳು.