ಬಾಯಾರಿಕೆ ಇಲ್ಲ ಅಂದವರು

ಶಿಕಾರಿಪುರದಿಂದ ಪ್ರವಾಸಿಗರಿಗೆ ಅಂತ ಒಂದು ದಿನದ ಟ್ರಿಪ್ ಶುರು ಮಾಡೋಣ ಅಂದಾಗ ನಮ್ಮ ಯಜಮಾನರು ಮೊದಲು ಕೂತಿದ್ದೇ ಮ್ಯಾಪ್ ಮುಂದೆ. ಉಡುತಡಿ, ಬಳ್ಳಿಗಾವಿ, ಆನವಟ್ಟಿ ಪಕ್ಕದ ಕುಬಟೂರು, ಸೊರಬ ದಾಟಿ ಚಂದ್ರಗುತ್ತಿ ಬೆಟ್ಟ. ಉಸಿರಾಡಕ್ಕೂ ಪುರುಸೊತ್ತಿಲ್ಲ! ವ್ಯಾನ್ ಓಡಿಸೋರು ಅವರು, ಜನಕ್ಕೆ ವಿವರಿಸೋಳು ನಾನು.

"ಎಲ್ಲಾ ಸರಿ ರೀ, ಹೆಂಗಸರು ಬಾತ್‌ರೂಮಿಗೆ ಎಲ್ಲಿ ಹೋಗ್ಬೇಕು?" ಅಂದೆ.

"ಎಲ್ಲಾದ್ರೂ ನಿಲ್ಲಿಸಿದ್ರಾಯ್ತು ಬಿಡೆ."

ಎಲ್ಲಾದ್ರೂ ಅಂತೆ! ಮೈಯೆಲ್ಲ ಉರೀತು. ಚಂದ್ರಗುತ್ತಿ ಕೈಬಿಡಿ, ಕುಪ್ಪಗಡ್ಡೆಯ ನನ್ನ ಚಿಕ್ಕಮ್ಮನ ಮನೇಲಿ ಊಟಕ್ಕೆ ನಿಲ್ಲೋಣ, ಅಲ್ಲಿ ಬಾತ್‌ರೂಮು ಚೊಕ್ಕಟವಾಗಿದೆ ಅಂತ ಹಟ ಹಿಡಿದೆ.

"ಬೆಟ್ಟ ಬಿಟ್ಟು ಬಚ್ಚಲು ತೋರಿಸ್ತೀಯಾ? ಮೊದಲ ಟ್ರಿಪ್ಪೇ ಕೆಟ್ಟರೆ ಇನ್ಯಾರೂ ಬರಲ್ಲ, ನೋಡು" ಅಂತ ಗೊಣಗಿ ಒಪ್ಪಿದರು.

ಮೊದಲು ಬಂದದ್ದು ದಾವಣಗೆರೆಯ ನಿವೃತ್ತ ಟೀಚರಮ್ಮಂದಿರು. ಸುಡು ಬೇಸಿಗೆ. ಉಡುತಡಿಯಲ್ಲಿ ನೀರಿನ ಬಾಟಲಿ ಕೊಟ್ಟರೆ ಅವರಲ್ಲಿ ಹಿರಿಯರು "ಬೇಡಮ್ಮ, ಬಾಯಾರಿಕೆ ಇಲ್ಲ" ಅಂದರು. ಬಳ್ಳಿಗಾವಿಯಲ್ಲೂ ಅದೇ ಮಾತು. ತುಟಿ ಒಣಗಿತ್ತು. ನಾನು ದೇವಸ್ಥಾನದ ಕಂಬದ ಕೆತ್ತನೆ ವಿವರಿಸ್ತಿದ್ರೆ ಅವರು ಅದೇ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು. ನೀರು ಯಾಕೆ ಬೇಡ ಅಂತಿದ್ದಾರೆ ಅಂತ ನನಗೆ ಆಗ ಹೊಳೀತು. ಬೆಳಿಗ್ಗೆ ಬಾತ್‌ರೂಮಿನ ವಿಷಯ ಎಲ್ಲರೆದುರು ಹೇಳಕ್ಕೆ ನಾಚಿಕೆಯಾಗಿ ಸುಮ್ಮನಿದ್ದೆನಲ್ಲ!

ವ್ಯಾನ್ ಹೊರಟ ಕೂಡಲೇ ಅವರ ಪಕ್ಕ ಕೂತು ಕಿವಿಯಲ್ಲಿ ಹೇಳಿದೆ: "ಊಟಕ್ಕೆ ನಮ್ಮ ಚಿಕ್ಕಮ್ಮನ ಮನೆಗೆ ಹೋಗ್ತಿದ್ದೀವಿ. ಬಾತ್‌ರೂಮಿದೆ, ಗಟ್ಟಿ ಚಿಲಕ ಇದೆ. ಧೈರ್ಯವಾಗಿ ಕುಡೀರಿ."

ನನ್ನ ಮುಖ ನೋಡಿದರು. ಬಾಟಲಿ ತಗೊಂಡು ಗಟಗಟ ಖಾಲಿ ಮಾಡಿದರು. ಹಿಂದಿನ ಸೀಟಿಂದ ಒಂದು ಕೈ ಬಂತು, "ನನಗೂ ಕೊಡಮ್ಮ." ಆಮೇಲೆ ಇನ್ನೊಂದು ಕೈ.

ಕುಪ್ಪಗಡ್ಡೆಯಲ್ಲಿ ಒಬ್ಬೊಬ್ಬರಾಗಿ ಬಾತ್‌ರೂಮಿಗೆ ಹೋಗಿ ಬಂದು ಊಟಕ್ಕೆ ಕೂತ ಮೇಲೆ ಅವರ ನಗು ಬೀದಿಗೆ ಕೇಳ್ತಿತ್ತು. ಬೆಟ್ಟ ಯಾಕಿಲ್ಲ ಅಂತ ಯಾರೂ ಕೇಳಲಿಲ್ಲ. ಸಂಜೆ ಇಳಿಯುವಾಗ ಆ ಹಿರಿಯರು, "ಮುಂದಿನ ಸಲ ನಮ್ಮ ಅಕ್ಕನ್ನೂ ಕರ್ಕೊಂಡು ಬರ್ತೀನಿ. ಇದೇ ಕಾರಣಕ್ಕೆ ಎಲ್ಲಿಗೂ ಹೊರಡಲ್ಲ ಅವಳು" ಅಂದರು. ನನಗೆ ಹಿಗ್ಗೋ ಹಿಗ್ಗು.

ಖಾಲಿ ವ್ಯಾನಲ್ಲಿ ಮನೆಗೆ ಬರುವಾಗ ಯಜಮಾನರು ವೇಗ ಇಳಿಸಿದರು. ಆಮೇಲೆ, "ಸಂತೆ, ಮದುವೆ ಅಂತ ಇಷ್ಟು ವರ್ಷ ಬೈಕಲ್ಲಿ ಕರ್ಕೊಂಡು ಹೋಗಿದ್ದೀನಿ. ನೀನೂ ಯಾವಾಗ್ಲೂ ನೀರು ಬೇಡ ಅಂತಿದ್ದೆ" ಅಂದರು.

"ಹೂಂ."

"ಬಾಯಾರಿಕೆ ಆಗ್ತಿತ್ತಾ?"

"ಆಗ್ದೆ ಏನು ರೀ!"

ವ್ಯಾನ್ ಪಕ್ಕಕ್ಕೆ ಹಾಕಿ, ತಮ್ಮ ಬಾಟಲಿಯ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. ಮನೆ ಹತ್ತಿರದಲ್ಲೇ ಇತ್ತು. ಪೂರ್ತಿ ಕುಡಿದೆ.