ಇಂಗಿನ ಡಬ್ಬಿ ತಲೆಯ ರೋಬೋ

ಎಂಬತ್ತರ ದಶಕದಲ್ಲಿ ನಾವು ವಿಜಯನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ದಸರಾ ಬಂದರೆ ಬೀದಿಯ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು, "ಆಂಟಿ, ಗೊಂಬೆ ಕೂರ್ಸಿದೀರಾ?" ಎಂದು ಮನೆಮನೆಗೆ ಬರುತ್ತಿದ್ದರು. ಗೊಂಬೆ ನೋಡುವುದು ನೆಪ, ಕಣ್ಣೆಲ್ಲ ಉಸಲಿಯ ಮೇಲೆ.

ಆ ವರ್ಷ ಎದುರುಮನೆಯವರು ಗೊಂಬೆಗಳ ನಡುವೆ ಒಂದು ರೋಬೋ ಇಟ್ಟಿದ್ದರು. ಆ ಮನೆ ಹುಡುಗಿಯ ಮಾವ ಫಾರಿನ್ನಿಂದ ತಂದದ್ದು. ನನ್ನ ಮಗಳು ಬೆರಗಾಗಿ ನೋಡುತ್ತಿದ್ದರೆ ಆ ಹುಡುಗಿ, "ಇಂಥದ್ದು ನಿಮ್ಮನೇಲಿಲ್ಲ ಬಿಡೇ" ಎಂದಳಂತೆ. ಇವಳು ಸುಮ್ಮನೆ ಬರಬಾರದೆ? "ಇದೆ ಕಣೇ. ವಿಜಯದಶಮಿ ದಿನ ಕೂರಿಸ್ತೀವಿ, ಬಂದು ನೋಡು" ಎಂದು ಎಲ್ಲರೆದುರು ಹೇಳಿ ಬಂದು ನನ್ನ ಮುಂದೆ ಅತ್ತಳು.

"ಅಮ್ಮಾ, ನನ್ನನ್ನ ಸುಳ್ಳಿ ಅಂತಾರೆ."

"ಸುಳ್ಳು ಹೇಳಿದ್ಮೇಲೆ ಸುಳ್ಳಿ ಅನ್ನದೆ ಸರಸ್ವತಿ ಅಂತಾರಾ?" ಎಂದೆ. ಬೈದದ್ದಾಯಿತು. ಆದರೆ ನನ್ನ ಮಗಳನ್ನು ಬೀದಿಯವರು ಆಡಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಅರಿಶಿನ ಕುಂಕುಮಕ್ಕೆ ಹೋದಾಗ ಆ ರೋಬೋವನ್ನು ಸರಿಯಾಗಿ ನೋಡಿಕೊಂಡೆ. ಚೌಕದ ಮೈ, ಮೇಲೊಂದು ತಲೆ, ಕೆಂಪು ಕಣ್ಣು. ಇದೇನು ಮಹಾ, ನಾವೇ ಮಾಡಬಹುದು ಎನಿಸಿತು.

ಮೊದಲು ಥರ್ಮೋಕೋಲಿನಲ್ಲಿ ಕತ್ತರಿಸಿದೆವು. ಚೆನ್ನಾಗಿಯೇ ನಿಂತಿತು. ಕಿಟಕಿಯ ಸರಳಿಗೆ ಬಳಿದು ಮಿಕ್ಕಿದ್ದ ಸಿಲ್ವರ್ ಪೇಂಟ್ ಮನೆಯಲ್ಲೇ ಇತ್ತು, ಅದನ್ನು ಬಳಿದೆವು. ನೋಡುತ್ತಿದ್ದಂತೆ ರೋಬೋದ ಮುಖ ಗುಳಿಬಿದ್ದು, ಹೆಗಲು ಕರಗಿ ಕೂತುಬಿಟ್ಟಿತು. ಆ ಪೇಂಟ್ ಥರ್ಮೋಕೋಲನ್ನು ತಿನ್ನುತ್ತದೆಂದು ನಮಗೇನು ಗೊತ್ತು? ಮಗಳು ಮತ್ತೆ ಶುರು ಮಾಡಿದಳು.

"ಅಳೋದು ಆಮೇಲೆ. ಹೋಗಿ ತಗಡಿನ ಡಬ್ಬ ಹುಡುಕು" ಎಂದೆ.

ಬಿಸ್ಕತ್ತಿನ ಡಬ್ಬ ಮೈಯಾಯಿತು. ತಲೆಯ ಅಳತೆಗೆ ಸರಿಹೋದದ್ದು ಇಂಗಿನ ಡಬ್ಬಿ ಒಂದೇ. ಇಂಗನ್ನು ಬೇರೆ ಕಡೆ ಸುರಿದು, ಹುಣಸೆಹಣ್ಣು ಹಾಕಿ ತಿಕ್ಕಿದರೂ ವಾಸನೆ ಹೋಗಲಿಲ್ಲ. ಮೊಳೆಯಲ್ಲಿ ತೂತು ಹೊಡೆದು ತಂತಿಯಿಂದ ಬಿಗಿದೆ. ಕೈಕಾಲಿಗೆ ಬೆಂಕಿಪೊಟ್ಟಣ ಅಂಟಿಸಿದವಳು ಮಗಳು. ಪೇಂಟ್ ಬಳಿದವಳೂ ಅವಳೇ. ನನಗಿಂತ ನೀಟಾಗಿ ಬಳಿದಳು. ಕಣ್ಣಿಗೆ ನನ್ನ ಕೆಂಪು ಸ್ಟಿಕ್ಕರ್ ಬೊಟ್ಟು.

ನಮ್ಮ ಯಜಮಾನರು ನೋಡಿ, "ಲೇ, ಇದನ್ನ ದೇವರ ಪಕ್ಕ ಇಡ್ತೀಯೇನೇ?" ಎಂದರು.

"ಅಂಗಡಿ ಶೆಟ್ಟಿ ಗೊಂಬೆ ಪಕ್ಕ ಇಡ್ತೀನಿ ಕಣ್ರೀ. ಮೂಟೆ ಹೊರೋಕೆ ಆಳು ಸಿಕ್ತು ಅಂದ್ಕೊಳ್ಳಲಿ."

ವಿಜಯದಶಮಿಯ ಸಂಜೆ ಗುಂಪು ಬಂತು, ಎದುರುಮನೆ ಹುಡುಗಿಯೇ ಮುಂದೆ. ಒಬ್ಬಳು ಮೂಗು ಅರಳಿಸಿ, "ಆಂಟಿ, ಉಸಲಿಗೆ ಇಂಗು ಜಾಸ್ತಿ ಆಯ್ತಾ?" ಎಂದಳು. "ಹೂಂ ಕಣೇ, ಕೂತ್ಕೋ" ಎಂದೆ.

ಎದುರುಮನೆ ಹುಡುಗಿ ಬಗ್ಗಿ, ಆಚೆಯಿಂದ ಈಚೆಯಿಂದ ನೋಡಿದಳು. ನಾನು ಉಸಲಿಯ ಪಾತ್ರೆ ತಂದೆ.

"ನಮ್ದು ಕೀ ಕೊಟ್ರೆ ನಡೆಯತ್ತೆ. ನಿಮ್ದು ನಡೆಯತ್ತಾ?"

"ಕೂರಿಸಿರೋ ಗೊಂಬೆ ಯಾಕೇ ನಡೀಬೇಕು?" ಎಂದಳು ನನ್ನ ಮಗಳು. "ನಡೆದ್ರೆ ಮೆಟ್ಟಿಲಿಂದ ಬಿದ್ದುಹೋಗಲ್ವಾ?"

ಗುಂಪೆಲ್ಲ ಗೊಳ್ಳೆಂದು ನಕ್ಕಿತು. ಆ ಹುಡುಗಿಗೂ ನಗು ತಡೆಯಲಾಗಲಿಲ್ಲ. "ಯಾರೇ ಮಾಡಿದ್ದು?" ಎಂದು ಕೇಳಿದಳು.

"ನಾನು, ನಮ್ಮಮ್ಮ" ಎಂದಳು ಮಗಳು. ಅಂಗಡಿಯದೆಂದೋ ಫಾರಿನ್ನಿನದೆಂದೋ ಹೇಳಬಹುದಿತ್ತು, ಹೇಳಲಿಲ್ಲ. ನನ್ನ ಮಗಳ ಕೈಗೆ ಒಂದು ಹಿಡಿ ಉಸಲಿ ಹೆಚ್ಚಿಗೆ ಹಾಕಿದೆ.